ಭಾಷಣ ಮುಗಿಯುವವರೆಗೆ

"ಈ ಬಟ್ಟೆ ನಿಮ್ಮದಾ?"

ಇನ್‌ಸ್ಪೆಕ್ಟರ್ ಅದನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಹಳೆಯ ಹೊದಿಕೆಯಿಂದ ಕತ್ತರಿಸಿದ ಚೌಕದ ತುಂಡು. ಒಗೆದೂ ಒಗೆದೂ ಬೆಣ್ಣೆಯಂತೆ ಮೆತ್ತಗಾಗಿತ್ತು. ಸುತ್ತ ಅಂಚಿಗೆ ನೀಲಿ ದಾರದ ಕೈಹೊಲಿಗೆ. ನಡುವೆ ಒಣಗಿ ಕಪ್ಪಿಟ್ಟ ರಕ್ತದ ಕಲೆ.

ಪ್ರೆಸ್ಸಿನ ಮ್ಯಾನೇಜರ್ ಮುಖ ಹಿಂದಕ್ಕೆಳೆದುಕೊಂಡ. "ಅಯ್ಯೋ, ನನ್ನದಲ್ಲ ಮೇಡಂ. ನನ್ನ ಸಾಮಾನೆಲ್ಲ ಸೂಟ್‌ಕೇಸಲ್ಲಿ ಬಂದಿದ್ದು. ಹೀಗೆ ಗಂಟು ಕಟ್ಟಿ ಕಳಿಸೋರು ನಮ್ಮನೇಲಿ ಯಾರೂ ಇಲ್ಲ."

"ಗಂಟು ಕಟ್ಟಿದ ಬಟ್ಟೆ ಅಂತ ನಾನು ಹೇಳಲೇ ಇಲ್ಲವಲ್ಲ?"

ಮ್ಯಾನೇಜರ್ ಬಟ್ಟೆಯ ಕಡೆ ಬೆರಳು ಮಾಡಿದ. "ಮೂಲೆಗಳನ್ನ ನೋಡಿ ಮೇಡಂ. ಸುಕ್ಕುಗಟ್ಟಿದೆ. ಗಂಟು ಹಾಕಿ ಹಾಕಿ ಹಾಗಾಗಿದೆ. ಯಾರು ನೋಡಿದ್ರೂ ಗೊತ್ತಾಗುತ್ತೆ."

ಅದೂ ನಿಜವೇ. ಇನ್‌ಸ್ಪೆಕ್ಟರ್ ಅವನನ್ನು ಕಳಿಸಿಬಿಟ್ಟಳು.

ಗೋಡೆಗೆ ಹೊಡೆದಿದ್ದ ಸ್ಪೀಕರಿನಲ್ಲಿ ಹಣಕಾಸು ಮಂತ್ರಿಗಳು ಗಂಟಲು ಸರಿಮಾಡಿಕೊಂಡರು. ಮೇಲೆ, ಸಭಾಂಗಣದಲ್ಲಿ, ಪ್ರಾಂತ್ಯದ ವಾರ್ಷಿಕ ಆಯವ್ಯಯ ಭಾಷಣ ಶುರುವಾಗಿತ್ತು. ಅದನ್ನು ಬರೆದ ಮನುಷ್ಯ ಮಾತ್ರ ಶವಾಗಾರದಲ್ಲಿ ಮಲಗಿದ್ದರು. ಹಣಕಾಸು ಇಲಾಖೆಯ ಉಪಕಾರ್ಯದರ್ಶಿ ಅವರು. ಎಲ್ಲರ ಬಾಯಲ್ಲೂ ಭಾಷಣದ ಸಾಹೇಬರು. ನಿನ್ನೆ ಬೆಳಿಗ್ಗೆ ಇದೇ ನೆಲಮಾಳಿಗೆಯ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದರು.

"ಜಾರಿ ಬಿದ್ದಿದ್ದಾರೆ, ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್, ಆಕಳಿಸುತ್ತ. ಠಾಣೆಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಆಕಳಿಕೆ ಎಂದರೆ ಸಾಕಿತ್ತು. "ವಯಸ್ಸಾಗಿತ್ತು. ನಿದ್ದೆಗೆಟ್ಟಿದ್ರು. ಮೆಟ್ಟಿಲು ನುಣ್ಣಗಿದೆ. ಇದಕ್ಕಿಂತ ಇನ್ನೇನು ಬೇಕು?"

"ಜಾರಿ ಬಿದ್ದವರು ತಮ್ಮ ತಲೆ ಕೆಳಗೆ ತಾವೇ ಬಟ್ಟೆ ಮಡಿಸಿ ಇಟ್ಟುಕೊಂಡ್ರಾ? ಕನ್ನಡಕ ಮಡಿಸಿ ಜೇಬಿಗೆ ಹಾಕ್ಕೊಂಡ್ರಾ?"

ಆಕಳಿಕೆ ಅರ್ಧ ತೆರೆದ ಬಾಯನ್ನು ಮುಚ್ಚಿಕೊಂಡ.

ಆಯವ್ಯಯದ ಅಚ್ಚುಕೆಲಸ ನಡೆಯುವಷ್ಟು ದಿನ ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಯಾವ ತೆರಿಗೆ ಏರುತ್ತದೆ, ಯಾವುದು ಇಳಿಯುತ್ತದೆ ಎಂಬ ಸುದ್ದಿ ಮಂತ್ರಿಗಳ ಬಾಯಿಂದ ಬರುವ ಮೊದಲು ಪೇಟೆಗೆ ತಲುಪಬಾರದಲ್ಲ. ಅದಕ್ಕೇ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಬೀಗ. ಪ್ರೆಸ್ಸಿನವರು ಈ ನೆಲಮಾಳಿಗೆಗೆ ಬೀಗರ ಮನೆ ಎಂದು ಹೆಸರಿಟ್ಟಿದ್ದರು. ಹೊತ್ತು ಹೊತ್ತಿಗೆ ಊಟ ಬರುತ್ತದೆ, ಕೂತಲ್ಲಿಗೆ ಕಾಫಿ ಬರುತ್ತದೆ, ಎದ್ದು ಹೊರಡುತ್ತೇವೆ ಎಂದರೆ ಮಾತ್ರ ಬಿಡುವುದಿಲ್ಲ ಎಂದು ನಗುತ್ತಿದ್ದರು. ಇವತ್ತು ಯಾರ ಮುಖದಲ್ಲೂ ನಗು ಇರಲಿಲ್ಲ.

ಇನ್‌ಸ್ಪೆಕ್ಟರನ್ನು ಒಳಗೆ ಬಿಡುವುದಕ್ಕೇ ಹಣಕಾಸು ಕಾರ್ಯದರ್ಶಿ ಹತ್ತು ಸಲ ಹಿಂದೆ ಮುಂದೆ ನೋಡಿದ್ದ. ಕೊನೆಗೆ ಬಿಟ್ಟಾಗಲೂ ಕರಾರು ಹಾಕಿಯೇ ಬಿಟ್ಟಿದ್ದ.

"ಫೋನು ಕಾವಲುಗಾರನ ಹತ್ತಿರ ಕೊಡಿ. ಹೊರಗಿನ ಒಂದು ಮಾತೂ ಒಳಗೆ ಹೋಗಬಾರದು. ಹವಾಮಾನ ಹೇಗಿದೆ ಅಂತ ಕೂಡ ಹೇಳಬೇಡಿ. ಭಾಷಣ ಮುಗಿದ ತಕ್ಷಣ ಬಾಗಿಲು ತೆಗೀತಾರೆ, ಎಲ್ಲರನ್ನೂ ಮನೆಗೆ ಕಳಿಸಬೇಕು. ಪಾಪ, ಕೆಲಸ ಮಾಡಿ ದಣಿದಿದ್ದಾರೆ."

ಫೋನು ಕೊಡುವಾಗ ಕಾವಲುಗಾರ ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ್ದ. "ಕರಡಣ್ಣನ ಅಕ್ಕ ತೀರಿಕೊಂಡ್ರಂತೆ ಮೇಡಂ. ನಿನ್ನೆ ಸಂಜೆ ಆಸ್ಪತ್ರೆಯಿಂದ ಹೇಳಿಕಳಿಸಿದ್ರು. ನಿಯಮ ಅಲ್ವಾ, ಅವನಿಗೆ ಹೇಳಿಲ್ಲ. ಹೊಟ್ಟೇಲಿ ಇಟ್ಕೊಂಡು ಅನ್ನ ಸೇರ್ತಿಲ್ಲ."

ಅವಳು ಫೋನು ಒಪ್ಪಿಸುವ ಮೊದಲು ಆಸ್ಪತ್ರೆಗೆ ಕರೆ ಮಾಡಿದಳು. ಸಾವಿನ ಸುದ್ದಿ ತಲುಪಿಸುವ ಕೆಲಸ ಬಂದಾಗಲೆಲ್ಲ ಠಾಣೆಯವರು ಅವಳನ್ನೇ ಮುಂದೆ ತಳ್ಳುತ್ತಿದ್ದರು. ಹೆಂಗಸು, ಮೆತ್ತಗೆ ಹೇಳುತ್ತಾಳೆ ಎಂದು. ಹೇಳಿ ಹೇಳಿ ಅವಳಿಗೆ ಅದರ ವಿದ್ಯೆ ಬಂದಿತ್ತು: ಮೊದಲು ಕೂರಿಸಬೇಕು, ಸುತ್ತಿ ಬಳಸಬಾರದು, ಹೇಳಿದ ಮೇಲೆ ಎದ್ದು ಹೋಗಬಾರದು. ಹೇಳದೇ ಕೂರುವ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ.

"ಕರಡಣ್ಣನ್ನ ಕರಿ," ಎಂದಳು ಆಕಳಿಕೆಗೆ.

ಕರಡು ತಿದ್ದುವವನಾದ್ದರಿಂದ ಕರಡಣ್ಣ. ಮೈತುಂಬ ಕೂದಲಿದ್ದುದರಿಂದ ಕೆಲವರಿಗೆ ಕರಡಿಯಣ್ಣ. ಐವತ್ತರ ಆಸುಪಾಸು, ದೊಡ್ಡ ಮೈ, ಸಣ್ಣ ದನಿ. ಮದುವೆಯಾಗಿರಲಿಲ್ಲ. ತಾಯಿ ಕಣ್ಣುಮುಚ್ಚಿದಾಗ ಇವನಿನ್ನೂ ಅಂಬೆಗಾಲಿಡುತ್ತಿದ್ದನಂತೆ. ಅವತ್ತಿನಿಂದ ಅಕ್ಕನೇ ಎಲ್ಲ.

ಅವನು ಬಂದು ಕುರ್ಚಿಯ ತುದಿಯಲ್ಲಿ ಕೂತ. ಬಟ್ಟೆಯ ಕಡೆ ನೋಡಲಿಲ್ಲ. ಮೊದಲು ಕೇಳಿದ ಮಾತೇ ಇದು.

"ಅಕ್ಕ ಹೇಗಿದ್ದಾಳೆ ಅಂತ ಏನಾದ್ರೂ ಗೊತ್ತಾಯ್ತಾ ಮೇಡಂ?"

ಇನ್‌ಸ್ಪೆಕ್ಟರ್ ಮೇಜಿನ ಮೇಲಿನ ಬಟ್ಟೆಯನ್ನು ಸರಿಮಾಡಿದಳು. "ಹೊರಗಿನ ಮಾತು ಆಡೋ ಹಾಗಿಲ್ಲ ನಾನು."

"ಹೌದೌದು. ನಿಯಮ. ನಾನು ಕೇಳಬಾರದಿತ್ತು." ಅವನು ತಲೆಯಾಡಿಸಿದ. "ಆಸ್ಪತ್ರೆಗೆ ಸೇರಿಸಿದ ದಿನವೇ ನಾನು ಒಳಗೆ ಬಂದಿದ್ದು. ಬರಲ್ಲ ಅಂತ ಕೂತಿದ್ದೆ. ಅಕ್ಕನೇ ಬಯ್ದು ಕಳಿಸಿದ್ಲು. ಹೋಗೋ, ವರ್ಷಕ್ಕೊಂದು ಸಲ ಬೀಗರ ಮನೆ ಊಟ, ಬಿಡ್ತಾರಾ ಅಂದ್ಲು."

ಸ್ಪೀಕರಿನಲ್ಲಿ ಮಂತ್ರಿಗಳು ರಸ್ತೆಗಳ ಬಗ್ಗೆ ಓದುತ್ತಿದ್ದರು. ಓದುವ ದನಿಯಲ್ಲಿ ನಿದ್ದೆ ತರಿಸುವ ಲಯವಿತ್ತು, ಆದರೆ ವಾಕ್ಯಗಳು ನೆಟ್ಟಗೆ, ಚಿಕ್ಕದಾಗಿ, ಯಾರಿಗಾದರೂ ಅರ್ಥವಾಗುವ ಹಾಗಿದ್ದವು. ಅವು ಯಾರ ವಾಕ್ಯಗಳೆಂದು ಇಬ್ಬರಿಗೂ ಗೊತ್ತಿತ್ತು.

ನಿನ್ನೆ ಸಾಹೇಬರ ಹೆಂಡತಿಯ ಮುಂದೆ ಕೂತು ಸುದ್ದಿ ಹೇಳಿದ್ದೂ ಇವಳೇ. ಆ ಹೆಂಗಸು ಅಳಲಿಲ್ಲ. ಗಂಡನ ಚಪ್ಪಲಿಗಳನ್ನು ಬಾಗಿಲ ಹೊರಗಿನಿಂದ ಎತ್ತಿ ಒಳಗೆ ತಂದಿಟ್ಟಳು. "ಒಳಗೆ ಹೋಗುವಾಗ ನೋಡಿದ್ದೇ ಕೊನೆ ಅಮ್ಮಾ. ಆಮೇಲೆ ಒಂದು ಮಾತೂ ಆಡಿಲ್ಲ," ಎಂದಳು. ಚಪ್ಪಲಿ ಜೋಡಿಸುತ್ತ, "ನಾಳೆ ಭಾಷಣದಲ್ಲಿ ಅವರ ಮಾತು ಬರುತ್ತಲ್ಲ, ಕೇಳ್ತೀನಿ," ಎಂದಿದ್ದಳು.

"ಬಟ್ಟೆ ನೋಡಿ," ಎಂದಳು ಇನ್‌ಸ್ಪೆಕ್ಟರ್.

ಕರಡಣ್ಣ ನೋಡಿದ. ಕೈ ತಾನಾಗಿ ಮುಂದೆ ಹೋಯಿತು, ರಕ್ತದ ಕಲೆಯನ್ನು ಬಿಟ್ಟು ಅಂಚನ್ನು ಮಾತ್ರ ಮುಟ್ಟಿತು.

"ನನ್ನದೇ."

ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. "ನಿಮ್ಮಕ್ಕ ಹೊಲಿದದ್ದಾ?"

"ಹೂಂ. ಅಂಚು ಬಿಚ್ಚಿದ ಬಟ್ಟೆ ಕಂಡ್ರೆ ಅಕ್ಕನಿಗೆ ಆಗ್ತಿರಲಿಲ್ಲ. ಎಲ್ಲಿದ್ರೂ ಹುಡುಕಿ ತಂದು ಹೊಲೀತಾ ಕೂರ್ತಿದ್ಲು."

ಮೂಲೆಯಲ್ಲಿ ನಿಂತಿದ್ದ ಆಕಳಿಕೆ ಕಾಲು ಬದಲಾಯಿಸಿದ. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಮುಂದಕ್ಕೆ ಬಾಗಿದಳು. ಮುಂದಿನ ಮಾತು ಹೇಳಲು ಅವಳಿಗೆ ಇಷ್ಟವಿರಲಿಲ್ಲ.

"ಆಗಲ್ಲ ಅಂತ ಹೇಳಲಿಲ್ಲ ನೀವು. ಆಗ್ತಿರಲಿಲ್ಲ ಅಂದ್ರಿ."

ಕರಡಣ್ಣನ ಬೆರಳು ಅಂಚಿನ ಮೇಲೇ ನಿಂತಿತು.

"ಕೂರ್ತಾಳೆ ಅನ್ನಲಿಲ್ಲ. ಕೂರ್ತಿದ್ಲು ಅಂದ್ರಿ. ಊರಿಗೆಲ್ಲ ಕಾಲ, ವಚನ ತಿದ್ದೋರು ನೀವು. ಬಾಯಿ ತಪ್ಪಿ ಬಂತು ಅನ್ನಬೇಡಿ."

ಅವನ ಮುಖ ನಿಧಾನವಾಗಿ ಕುಸಿಯಿತು. ಆಮೇಲೆ ದೊಡ್ಡ ಮೈಯೆಲ್ಲ ಸದ್ದಿಲ್ಲದೆ ಅಲುಗತೊಡಗಿತು. ಅಳುವುದಕ್ಕೂ ಯಾರದೋ ಅಪ್ಪಣೆ ಬೇಕಿತ್ತೇನೋ ಎನ್ನುವ ಹಾಗೆ, ಇಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಅಳು ಅದು. ಇನ್‌ಸ್ಪೆಕ್ಟರ್ ಲೋಟದಲ್ಲಿ ನೀರು ಬಗ್ಗಿಸಿ ಮುಂದೆ ತಳ್ಳಿ ಕಾದಳು.

"ಯಾರು ಹೇಳಿದ್ರು ನಿಮಗೆ?"

"ಸಾಹೇಬರು."

"ನಿಯಮ ಮುರಿದು?"

"ಅದಕ್ಕೇ ನಾನು ಬಾಯಿ ಬಿಟ್ಟಿಲ್ಲ ಮೇಡಂ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಹೊರಗಿನ ಸುದ್ದಿ ತಗೊಂಡ್ರು, ಒಳಗಿನವನಿಗೆ ಹೇಳಿದ್ರು ಅಂತ ಗೊತ್ತಾದ್ರೆ ಸತ್ತ ಮೇಲೂ ಬಿಡಲ್ಲ ಇವರು. ಪಿಂಚಣಿ ತಡೀತಾರೆ. ಸಾಹೇಬರ ಮನೆಯವರ ಗತಿಯೇನು? ಅವರಿಗೂ ಮಕ್ಕಳಿಲ್ಲ, ಮರಿಯಿಲ್ಲ. ಅಕ್ಕನೂ ಅವರೂ ಒಂದೇ ಬೀದಿ, ಒಂದೇ ಜೀವ. ಅಕ್ಕ ಆಸ್ಪತ್ರೆಗೆ ಸೇರಿದ್ಮೇಲೆ ನನ್ನ ಬಟ್ಟೆ ಒಗೆದು ಕಳಿಸಿದ್ದೂ ಅವರೇ. ಈ ಗಂಟಲ್ಲಿ."

"ಸಾಹೇಬರು ಏನು ಹೇಳಿದ್ರು, ನೆನಪು ಮಾಡ್ಕೊಂಡು ಹೇಳಿ. ಇನ್ನೂ ಹೊತ್ತಿದೆ."

ಮೇಲೆ ಮಂತ್ರಿಗಳು ನೀರಾವರಿಗೆ ಬಂದಿದ್ದರು. ಸದಸ್ಯರು ಮೇಜು ಕುಟ್ಟುವ ಸದ್ದು ಸ್ಪೀಕರಿನಲ್ಲಿ ಕಲ್ಲು ಸುರಿದಂತೆ ಕೇಳಿಸಿತು.

"ಮೊನ್ನೆ ಸಂಜೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ್ರು. ಕನ್ನಡಕ ತೆಗೆದು ಒರೆಸ್ತಾನೇ ಇದ್ರು. ನಿಮ್ಮಕ್ಕ ಹೋಗಿಬಿಟ್ರಪ್ಪಾ, ಅಂದ್ರು. ಅದನ್ನ ಹೇಳೋವಾಗ ಅವರ ದನಿಯೇ ನನ್ನ ದನಿಗಿಂತ ಕೆಟ್ಟು ಹೋಗಿತ್ತು. ನಿನ್ನ ಇಲ್ಲಿ ಇಟ್ಕೊಳ್ಳಲ್ಲ ನಾನು, ಬೆಳಗಾಗ್ತಿದ್ದ ಹಾಗೆ ಕಾರ್ಯದರ್ಶಿಗಳು ಬರ್ತಾರೆ, ಬಾಗಿಲು ತೆಗೆಸ್ತೀನಿ, ಜೊತೆಗೊಬ್ಬ ಪೊಲೀಸನ್ನ ಹಾಕಿ ಕಳಿಸಲಿ, ಮಣ್ಣು ಮಾಡಿ ಬಾ, ಅಂದ್ರು."

"ಆಮೇಲೆ?"

"ಬೆಳಗಿನ ಜಾವ ಅವರು ಮೆಟ್ಟಿಲು ಹತ್ತಿದ್ದು ಕೇಳಿಸ್ತು. ನಿದ್ದೆ ಎಲ್ಲಿಂದ ಬರಬೇಕು ನನಗೆ? ಬಾಗಿಲು ಕಿರ್ ಅಂತು. ಮೇಲೆ ಮಾತು ಕೇಳಿಸ್ತು, ಏನು ಅಂತ ಗೊತ್ತಾಗಲಿಲ್ಲ. ಆಮೇಲೆ..." ಅವನು ಮುಂದೆ ಹೇಳಲಾರದೆ ಕೈ ಸನ್ನೆ ಮಾಡಿದ. ಮೇಲಿನಿಂದ ಕೆಳಕ್ಕೆ.

"ಬಾಗಿಲು ತೆಗೆದಿತ್ತಾ ಹಾಗಾದ್ರೆ?"

"ತೆಗೆದಿತ್ತು, ಮತ್ತೆ ಮುಚ್ಚಿತು. ನಾನು ಓಡಿ ಬರೋಷ್ಟರಲ್ಲಿ ಬೀಗ ಬಿದ್ದಾಗಿತ್ತು. ಸಾಹೇಬರಿಗೆ ಇನ್ನೂ ಉಸಿರಿತ್ತು. ಬಟ್ಟೆ ಮಡಿಸಿ ತಲೆ ಕೆಳಗಿಟ್ಟೆ. ಕನ್ನಡಕ ಒಡೆದಿರಲಿಲ್ಲ, ಕಾಲಿಗೆ ಸಿಕ್ಕೀತು ಅಂತ ಜೇಬಿಗೆ ಹಾಕಿದೆ. ಹೋಗಿ ಬಾಗಿಲು ಬಡಿದೆ. ಅಂಗೈ ಕಿತ್ತು ಹೋಗೋ ಹಾಗೆ ಬಡಿದೆ."

ಅವನು ಅಂಗೈ ತಿರುಗಿಸಿ ತೋರಿಸಿದ. ಸುಲಿದು ಹೆಪ್ಪುಗಟ್ಟಿದ ಗಾಯ ಅದರ ತುಂಬ.

"ಆಚೆ ಕಡೆ ಯಾರೋ ಇದ್ರು ಮೇಡಂ. ಬೂಟಿನ ಸದ್ದು ಕೇಳಿಸ್ತು. ಕಬ್ಬಿಣದ ತಗಡು ಒಂದೇ ನಡುವೆ. ಬಾಗಿಲು ತೆಗೀರಪ್ಪಾ, ಮನುಷ್ಯ ಸಾಯ್ತಿದ್ದಾನೆ ಅಂದೆ. ನಿಂತು ಕೇಳಿಸ್ಕೊಂಡ್ರು. ಆಮೇಲೆ ಹೊರಟುಹೋದ್ರು."

ಇನ್‌ಸ್ಪೆಕ್ಟರಿಗೆ ಶವದ ತೋಳಿನ ಮೇಲಿದ್ದ ಬೆರಳ ಗುರುತುಗಳು ನೆನಪಾದವು. ಯಾರೋ ಎಳೆದು ಹಿಡಿದ ಗುರುತು ಎಂದಿದ್ದರು ವೈದ್ಯರು, ಅಥವಾ ತಳ್ಳಿದ್ದು.

"ಸಾಹೇಬರು ಏನಾದ್ರೂ ಹೇಳಿದ್ರಾ?"

"ಬಾಗಿಲು ಅಂದ್ರು. ಅಷ್ಟೇ. ಬಾಗಿಲು ಅಂತ ಎರಡು ಸಲ ಅಂದ್ರು." ಕರಡಣ್ಣ ಬಟ್ಟೆಯ ಅಂಚನ್ನು ಹೆಬ್ಬೆರಳಿಂದ ಸವರುತ್ತಲೇ ಇದ್ದ. "ಮ್ಯಾನೇಜರನ್ನ ಎಬ್ಬಿಸಿದೆ. ಬೆಳಿಗ್ಗೆ ನೋಡಿದೆವು ಅಂತ ಹೇಳೋಣ, ಇಲ್ಲದಿದ್ರೆ ನೀನೇ ಸಿಕ್ಕಿಹಾಕ್ಕೊಳ್ತೀಯ ಅಂದ್ರು. ಆಯ್ತು ಅಂದೆ. ಆಗ ಏನು ಹೇಳಿದ್ರೂ ಆಯ್ತು ಅಂತಿದ್ದೆ."

"ಮ್ಯಾನೇಜರಿಗೆ ಯಾಕೆ ಅಷ್ಟು ಅವಸರ?"

ಅವನು ಆಗಲೇ ತಲೆಯೆತ್ತಿ ಸ್ಪೀಕರಿನತ್ತ ಕಿವಿಗೊಟ್ಟಿದ್ದ.

"...ಮುಂಬರುವ ವರ್ಷದಲ್ಲಿ ನಮ್ಮ ಪ್ರಾಂತ್ಯವು ಅಭೂತಪೂರ್ವ ಬೆಳವಣಿಗೆಯ ಹೊಸ್ತಿಲಲ್ಲಿ ನಿಂತಿದೆ. ಸಣ್ಣ ಊರುಗಳ ಆಸ್ಪತ್ರೆಗಳನ್ನು ಜಿಲ್ಲಾ ಆಸ್ಪತ್ರೆಗಳೊಂದಿಗೆ ವಿಲೀನಗೊಳಿಸಿ ಸಬಲಗೊಳಿಸಲಾಗುವುದು..."

"ಇದು ಸಾಹೇಬರ ಮಾತಲ್ಲ," ಎಂದ ಕರಡಣ್ಣ.

"ಹೇಗೆ ಹೇಳ್ತೀರಿ?"

"ಅಭೂತಪೂರ್ವ ಅಂತ ಅವರು ಜನ್ಮದಲ್ಲಿ ಬರೆದವರಲ್ಲ. ಹಾಗಂದ್ರೆ ಏನು ಅಂತ ಓದೋ ಮಂತ್ರಿಗಳಿಗೂ ಗೊತ್ತಿರಲ್ಲ ಅಂತ ನಗ್ತಿದ್ರು. ಈ ಪುಟದ ಕರಡು ನೋಡಿದ್ದು ನಾನೇ. ಮುಂದಿನ ವರ್ಷ ಕಷ್ಟದ ವರ್ಷ ಅಂತ ಶುರುವಾಗ್ತಿತ್ತು. ದೊಡ್ಡ ಕಾರ್ಖಾನೆಗಳು ಮುಚ್ಚುತ್ತಿವೆ, ತೆರಿಗೆ ಇಳಿಯುತ್ತೆ, ಇದನ್ನು ಜನರಿಂದ ಮುಚ್ಚಿಡೋದಿಲ್ಲ, ಆದರೆ ಒಂದು ಆಸ್ಪತ್ರೆಯ ಬಾಗಿಲನ್ನೂ ಮುಚ್ಚೋದಿಲ್ಲ ಅಂತ ಇತ್ತು. ಮಂತ್ರಿಗಳೇ ಒಪ್ಪಿ ಸಹಿ ಹಾಕಿದ್ದ ಪುಟ."

"ಯಾವಾಗ ಬದಲಾಯ್ತು?"

"ನಿನ್ನೆ. ಸಾಹೇಬರನ್ನ ಹೊತ್ಕೊಂಡು ಹೋದ್ಮೇಲೆ. ಮ್ಯಾನೇಜರು ಹೊಸ ಪುಟ ತಂದ್ರು. ಕಾರ್ಯದರ್ಶಿಗಳ ಅಪ್ಪಣೆ, ಕರಡು ನೋಡೋದು ಬೇಡ, ನೇರ ಅಚ್ಚಿಗೆ ಹಾಕಿ ಅಂದ್ರು. ನನಗೆ ಆಗ ಅಕ್ಷರವೇ ಕಾಣಿಸ್ತಿರಲಿಲ್ಲ, ಏನು ಅಂತ ಕೇಳಲೂ ಇಲ್ಲ."

ಇನ್‌ಸ್ಪೆಕ್ಟರ್ ಕುರ್ಚಿಗೆ ಒರಗಿದಳು. ಪುಟ ಬದಲಾಗಬೇಕಾದರೆ ಸಾಹೇಬರು ಅಡ್ಡ ಇರಬಾರದು. ಹೆದರಿಸಿದರೆ ಹೆದರುವ ಮನುಷ್ಯರಲ್ಲ, ಆಮಿಷಕ್ಕೆ ಬಗ್ಗುವವರೂ ಅಲ್ಲ. ಅಂಥವರನ್ನು ಒಬ್ಬರನ್ನೇ, ಬೆಳಗಿನ ಜಾವ, ಆ ಮೆಟ್ಟಿಲ ತುದಿಗೆ ತರುವುದು ಹೇಗೆ? ಕರುಣೆಯೊಂದೇ ದಾರಿ. ಪಕ್ಕದವನ ದುಃಖ ಅವರಿಗೆ ತಡೆಯಲಾಗುವುದಿಲ್ಲ ಎಂದು ಬಲ್ಲವರು ಯಾರೋ ಇದ್ದಾರೆ.

ಆದರೆ ಅವಳ ಮನಸ್ಸಿನಲ್ಲಿ ಕಚ್ಚುತ್ತಿದ್ದದ್ದು ಅದಷ್ಟೇ ಅಲ್ಲ. ಮೊನ್ನೆ ಸಂಜೆ ಎಂದಿದ್ದ ಇವನು. ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಸ್ಪತ್ರೆಯ ದಾದಿ ಫೋನಿನಲ್ಲಿ ಹೇಳಿದ್ದು ಅಕ್ಷರ ಅಕ್ಷರ ನೆನಪಿತ್ತು. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು. ಮಂತ್ರಿಗಳು ಇನ್ನೂ ಓದುತ್ತಿದ್ದರು.

ಭಾಷಣದಲ್ಲಿ ಶಿಕ್ಷಣ ಮುಗಿಯಿತು, ಮನೆಗಳು ಮುಗಿದವು, ತೆರಿಗೆಗಳು ಬಂದವು. ಆಚೆ ಕೋಣೆಯಲ್ಲಿ ಅಚ್ಚಿನವರು ಹಾಸಿಗೆ ಸುತ್ತುತ್ತಿದ್ದರು, ಚೀಲಗಳ ಜಿಪ್ಪು ಎಳೆಯುತ್ತಿದ್ದರು. ಯಾರೋ ಮೆಲ್ಲಗೆ ಸಿಳ್ಳೆ ಹಾಕಿದ, ಇನ್ನೊಬ್ಬ ಅವನನ್ನು ಗದರಿದ.

ಕೊನೆಗೆ ಮಂತ್ರಿಗಳು ನೀರು ಕುಡಿದು, ಆಯವ್ಯಯವನ್ನು ಸದನದ ಮುಂದೆ ಮಂಡಿಸುತ್ತಿದ್ದೇನೆ ಎಂದರು. ಚಪ್ಪಾಳೆ, ಮೇಜು ಕುಟ್ಟಿದ ಸದ್ದು. ಸ್ಪೀಕರು ಕಟ್ ಎಂದು ನಿಂತಿತು.

ಇನ್‌ಸ್ಪೆಕ್ಟರ್ ಎದ್ದು ಮೇಜು ಸುತ್ತಿ ಬಂದು ಕರಡಣ್ಣನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಈಗ ಹೇಳಬಹುದು ನಾನು. ಗಟ್ಟಿ ಮನಸ್ಸು ಮಾಡ್ಕೊಳ್ಳಿ. ನಿಮ್ಮಕ್ಕ ತೀರಿಕೊಂಡಿದ್ದು ನಿನ್ನೆ ಮಧ್ಯಾಹ್ನ."

"ಮೊನ್ನೆ," ಎಂದ ಅವನು, ತಪ್ಪು ಕಂಡಾಗ ತಿದ್ದುವ ಅಭ್ಯಾಸದಿಂದ. "ಮೊನ್ನೆ ಸಂಜೆ, ಮೇಡಂ."

"ಅಲ್ಲ. ನಿನ್ನೆ ಮಧ್ಯಾಹ್ನ. ಆಸ್ಪತ್ರೆಯವರ ಜೊತೆ ನಾನೇ ಮಾತಾಡಿದ್ದೀನಿ."

ಅವನು ಅವಳ ಮುಖವನ್ನೇ ನೋಡಿದ. ತುಟಿಗಳು ಏನೋ ಲೆಕ್ಕ ಹಾಕುತ್ತಿದ್ದವು.

"ಹಾಗಾದ್ರೆ ಸಾಹೇಬರು ನನಗೆ ಹೇಳಿದಾಗ..."

"ಬದುಕಿದ್ರು."

"ಸಾಹೇಬರು ಸತ್ತಾಗ?"

"ಆಗಲೂ ಬದುಕಿದ್ರು."

ದೊಡ್ಡ ಕೈಗಳೆರಡೂ ಬಟ್ಟೆಯನ್ನು ಹಿಂಡಿ ಮುದ್ದೆ ಮಾಡಿದವು. "ಮಾತಾಡ್ತಿದ್ಲಾ?"

ಇದಕ್ಕೆ ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಕಡೆ ಸುಳ್ಳು ಹೇಳಿದವರನ್ನು ಅವಳು ನೋಡಿದ್ದಳು, ಅವರನ್ನು ತಪ್ಪೆಂದೂ ಅಂದುಕೊಂಡಿರಲಿಲ್ಲ. ಆದರೆ ಸುಳ್ಳು ಈಗಾಗಲೇ ಈ ಮನುಷ್ಯನಿಂದ ಬೇಕಾದಷ್ಟು ಕಿತ್ತುಕೊಂಡಿತ್ತು.

"ಮಾತಾಡ್ತಿದ್ರಂತೆ. ಭಾಷಣ ಯಾವತ್ತು ಅಂತ ದಾದಿಯರನ್ನ ಕೇಳ್ತಿದ್ರಂತೆ. ನಾಳೆ ಅಂದ್ರೆ, ಸರಿ, ಅವನು ನಾಳೆ ಬರ್ತಾನೆ, ಅಲ್ಲೀವರೆಗೂ ಇರ್ತೀನಿ ಅಂದ್ರಂತೆ."

ಕರಡಣ್ಣ ತಲೆಯನ್ನು ಮೇಜಿಗೆ ಆನಿಸಿದ. "ಜೀವ ಇದ್ದವಳಿಗೆ ಅಳ್ತಾ ಕೂತಿದ್ದೆ ನಾನು," ಎಂದ ಮೇಜಿಗೆ. "ಜೀವ ಇದ್ದವಳಿಗೆ. ಹೋಗಿ ಮುಖ ನೋಡಬಹುದಿತ್ತು. ಗೋಡೆ ಒಡ್ಕೊಂಡಾದ್ರೂ ಹೋಗ್ತಿದ್ದೆ ಮೇಡಂ, ಸತ್ತೇ ಹೋದ್ಲು, ಇನ್ನೇನು ಅವಸರ ಅಂತ ಸುಮ್ಮನೆ ಬಿದ್ದಿದ್ದೆ."

ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಇಲಾಖೆಯ ಶಿಸ್ತಿಗೆ ಅದು ಸಲ್ಲದು. ಆಕಳಿಕೆ ಮುಖ ಆಚೆ ತಿರುಗಿಸಿಕೊಂಡ.

ಸ್ವಲ್ಪ ಹೊತ್ತಿಗೆ ಕೇಳಿದಳು. "ಸಾಹೇಬರಿಗೆ ಆ ಸುದ್ದಿ ಯಾರು ತಂದ್ರು, ಹೇಳಿದ್ರಾ?"

"ನಾನು ಹೇಳಲ್ಲ."

"ಅದೇ ಸುದ್ದಿ ಅವರನ್ನ ಕೊಂದಿದ್ದು. ನಿಮ್ಮನ್ನ ಅಕ್ಕನಿಂದ ದೂರ ಇಟ್ಟಿದ್ದು."

ಮೇಜಿನ ಮೇಲಿನಿಂದ ತಲೆ ಎತ್ತದೆಯೇ ಅವನು ಹೇಳಿದ. "ಅವರ ಮನೆಯವರೇ. ಮೊನ್ನೆ ಬಟ್ಟೆ ಗಂಟು ತಂದಾಗ ಕಿಟಕಿ ಸರಳಿನ ಹತ್ತಿರ ಹೇಳಿದ್ರಂತೆ. ಗಂಡ ಹೆಂಡತಿ ಒಂದು ಮಾತು ಆಡಲಿ ಅಂತ ಕಾವಲುಗಾರ ಆಚೆ ತಿರುಗಿ ನಿಂತಿದ್ದನಂತೆ."

ಇನ್‌ಸ್ಪೆಕ್ಟರಿನ ಕೈ ಅವನ ಬೆನ್ನ ಮೇಲೆ ಹಾಗೇ ನಿಂತಿತು. ಒಳಗೆ ಹೋದ ಮೇಲೆ ಒಂದು ಮಾತೂ ಆಡಿಲ್ಲ ಎಂದಿದ್ದಳಲ್ಲ ಆ ಹೆಂಗಸು?

ಅಷ್ಟರಲ್ಲಿ ಮೇಲೆ ಕೀಲಿ ತಿರುಗಿತು. ಕಬ್ಬಿಣದ ಬಾಗಿಲು ಕಿರುಗುಟ್ಟಿ ತೆರೆದುಕೊಂಡು ಮೆಟ್ಟಿಲ ಮೇಲೆ ಹಗಲಿನ ಬೆಳಕು ಬಿತ್ತು. ಅಚ್ಚಿನವರು ಚೀಲ ಹೆಗಲಿಗೇರಿಸಿ ಒಬ್ಬರ ಹಿಂದೆ ಒಬ್ಬರು ಹತ್ತಿದರು. ಸಾಹೇಬರು ಬಿದ್ದಿದ್ದ ಜಾಗಕ್ಕೆ ಬಂದಾಗ ಪ್ರತಿಯೊಬ್ಬರೂ ಕಾಲನ್ನು ಬದಿಗಿಟ್ಟು ದಾಟಿದರು.

ಅವಳು ಕರಡಣ್ಣನ ರಟ್ಟೆ ಹಿಡಿದು ಎಬ್ಬಿಸಿದಳು. ಆಕಳಿಕೆ ಅವನ ಚೀಲ ಎತ್ತಿಕೊಂಡು ಹಿಂದೆ ಬಂದ.

ಬಾಗಿಲ ಆಚೆಯ ವರಾಂಡದಲ್ಲಿ ಮನೆಯವರು ಕಾಯುತ್ತಿದ್ದರು. ಮಕ್ಕಳು ಅಪ್ಪಂದಿರ ಕಾಲಿಗೆ ಜೋತುಬಿದ್ದವು, ಹೆಂಡತಿಯರು ಗಡ್ಡ ನೋಡಿ ನಕ್ಕರು. ಗದ್ದಲದಿಂದ ಸ್ವಲ್ಪ ದೂರ, ಕಂಬಕ್ಕೆ ಒರಗಿ, ಕರೆದೊಯ್ಯಲು ಗಂಡನಿಲ್ಲದ ಒಬ್ಬಳೇ ಹೆಂಗಸು, ಸಾಹೇಬರ ಹೆಂಡತಿ, ನಿಂತಿದ್ದಳು. ಕರಡಣ್ಣನನ್ನು ಕಂಡದ್ದೇ ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಬಾ ತಮ್ಮಾ. ನಿನ್ನ ಕರ್ಕೊಂಡು ಹೋಗೋಕೆ ಬಂದೆ. ಅಕ್ಕನ್ನ ಇನ್ನೂ ಅಲ್ಲೇ ಇಟ್ಟಿದ್ದಾರಂತೆ. ಇಬ್ಬರನ್ನೂ ನಾವೇ ಕಳಿಸಿಕೊಡೋಣ."

"ಅತ್ತಿಗೆ," ಎಂದ ಕರಡಣ್ಣ. ದನಿ ಒಡೆದಿತ್ತು. "ಮೊನ್ನೆ ನೀವು ಹೇಳಿದಾಗ ಅಕ್ಕ ಬದುಕಿದ್ಲಂತೆ."

ಹೆಂಗಸಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಹಿಡಿದಿದ್ದ ಕೈಗಳನ್ನು ಬಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದಳು.

"ನೀವು ಅವರ ಜೊತೆ ಮಾತಾಡೇ ಇಲ್ಲ ಅಂತ ನನಗೆ ಹೇಳಿದ್ರಿ," ಎಂದಳು ಇನ್‌ಸ್ಪೆಕ್ಟರ್.

"ಮಾತಾಡಿದೆ ಅಂದ್ರೆ ಅವರ ಮೇಲೆ ತಪ್ಪು ಬರ್ತಿತ್ತಲ್ಲಮ್ಮಾ. ನಿಯಮ ಮುರಿದ ಮನುಷ್ಯ ಅಂತ ಹೆಸರಿಡ್ತಿದ್ರು." ಅವಳ ಕಣ್ಣು ಒಬ್ಬರಿಂದ ಒಬ್ಬರಿಗೆ ಓಡಿತು. "ಬದುಕಿದ್ಲಾ? ನಾನು ಆಸ್ಪತ್ರೆಗೂ ಹೋಗಲಿಲ್ಲವಲ್ಲ. ಬಟ್ಟೆ ಕಟ್ಕೊಂಡು ಇಲ್ಲಿಗೇ ಓಡಿ ಬಂದೆ. ಅವನಿಗೆ ಮೊದಲು ಗೊತ್ತಾಗಲಿ ಅಂತ."

"ತೀರಿಕೊಂಡ್ರು ಅಂತ ನಿಮಗೆ ಯಾರು ಹೇಳಿದ್ದು?"

"ಯಾರು ಅಂದ್ರೆ? ನೀವೇ ಅಲ್ವಾ ಹೇಳಿಕಳಿಸಿದ್ದು?"

"ನಾನಾ?"

"ಮೊನ್ನೆ ಸಂಜೆ ಮನೆಗೆ ಬಂದು ಹೇಳಿದ್ರು. ಇನ್‌ಸ್ಪೆಕ್ಟರಮ್ಮ ಕಳಿಸಿದ್ದಾರೆ, ಸಾಹೇಬರ ಕಿವಿಗೆ ಒಂದು ಮಾತು ಹಾಕಿಬಿಡಿ ಅಂದ್ರು. ಪೊಲೀಸರು ಸುಳ್ಳು ಹೇಳ್ತಾರಾ ಅಂತ ನಾನು..."

ಇನ್‌ಸ್ಪೆಕ್ಟರ್ ಮೊನ್ನೆ ಯಾರನ್ನೂ ಎಲ್ಲಿಗೂ ಕಳಿಸಿರಲಿಲ್ಲ.

"ಬಂದವರನ್ನ ನೋಡಿದ್ರೆ ಗುರುತು ಹಿಡೀತೀರಾ?"

ಆ ಹೆಂಗಸು ಅವಳನ್ನು ಒಂಥರಾ ನೋಡಿದಳು. ಆಮೇಲೆ ಕೈಯೆತ್ತಿ, ಇನ್‌ಸ್ಪೆಕ್ಟರಿನ ಹೆಗಲ ಆಚೆಗೆ ಬೆರಳು ತೋರಿಸಿದಳು.

"ಗುರುತು ಹಿಡಿಯೋದೇನು ಬಂತಮ್ಮಾ? ಇವರೇ ಅಲ್ವಾ?"

ಇನ್‌ಸ್ಪೆಕ್ಟರ್ ತಿರುಗಿದಳು. ಅವಳ ಹಿಂದೆ, ಕರಡಣ್ಣನ ಚೀಲವನ್ನು ಎದೆಗವಚಿಕೊಂಡು ನಿಂತಿದ್ದವನು ಆಕಳಿಕೆ ಒಬ್ಬನೇ.